ಓದುಗರ ಪ್ರಶ್ನೆ: ಬರಕಾಲ್ದೋದ ‘ನರಿಗಳು’ ಒಂದೇ ವರ್ಷಕ್ಕೆ ಏಕೆ ಚದುರಿದರು?

ಪ್ರಶ್ನೆ: 2024ರ ಯೂರೋವಿಷನ್ ಸಂಗೀತ ಸ್ಪರ್ಧೆಗೆ ಸ್ಪೇನ್ ಕಳುಹಿಸಿದ ‘ಸೋರ್ರಾ’ ಎಂಬ ಹಾಡಿನ ಬಗ್ಗೆ ಓದುತ್ತಿದ್ದಾಗ, ಇದೇ ಪದವನ್ನು ಹಾಡಿದ್ದಕ್ಕಾಗಿ 1983ರಲ್ಲಿ ಅಲ್ಲಿನ ಹುಡುಗಿಯರ ಪಂಕ್ ತಂಡವೊಂದು ದೊಡ್ಡ ಹಗರಣಕ್ಕೆ ಸಿಕ್ಕಿ, ಬಹುಬೇಗ ಮುಗಿದುಹೋಯಿತು ಎಂಬ ಸಾಲು ಕಣ್ಣಿಗೆ ಬಿತ್ತು. ಆ ತಂಡ ಯಾವುದು? ಒಂದು ಪದಕ್ಕೆ ಅಷ್ಟೊಂದು ಗದ್ದಲವೇಕೆ? ದಯವಿಟ್ಟು ವಿವರವಾಗಿ ತಿಳಿಸಿ.
— ಓದುಗರೊಬ್ಬರು, ಧಾರವಾಡ

ಉತ್ತರ: ಆ ತಂಡದ ಹೆಸರು ಲಾಸ್ ವುಲ್ಪೆಸ್. ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ಸೀಮೆಯ ಬಿಲ್ಬಾವೊ ನಗರಕ್ಕೆ ಹೊಂದಿಕೊಂಡ ಬರಕಾಲ್ದೋ ಎಂಬ ಊರಿನಲ್ಲಿ 1982ರ ಬೇಸಿಗೆಯಲ್ಲಿ ಹುಟ್ಟಿ, 1983 ಮುಗಿಯುವಷ್ಟರಲ್ಲಿ ಚದುರಿಹೋದ ತಂಡ ಅದು. ಗಿಟಾರ್ ನುಡಿಸುತ್ತಿದ್ದವರು ಲೋಲೆಸ್ ವಾಸ್ಕೆಸ್, ಡ್ರಮ್ಸ್ ಬಾರಿಸುತ್ತಿದ್ದವರು ಅವರ ಸಹೋದರಿ ಲೂಪೆ ವಾಸ್ಕೆಸ್, ಬಾಸ್ ಗಿಟಾರ್ ಬೆಗೋನ್ಯಾ ಅಸ್ತಿಗರ್ರಾಗಾ ಅವರದು, ಹಾಡುತ್ತಿದ್ದವರು ಮಾಮೆನ್ ರೊದ್ರಿಗೊ. ನಾಲ್ವರೂ ಇಪ್ಪತ್ತರ ಆಸುಪಾಸಿನವರು. ಅವರು ಆಗ ಬಿಟ್ಟುಹೋದದ್ದು ಎರಡು ಹಾಡುಗಳ ಒಂದೇ ಒಂದು ಪುಟ್ಟ ತಟ್ಟೆ. ನಲವತ್ತು ವರ್ಷಗಳ ಮೇಲೂ ಸ್ಪೇನಿನ ಪತ್ರಿಕೆಗಳು ಆ ಹೆಸರನ್ನು ಮತ್ತೆ ಎತ್ತುತ್ತಿವೆಯೆಂದರೆ, ಆ ತಟ್ಟೆಯ ಹಿಂದೆ ಏನೇನು ಸೇರಿಕೊಂಡಿತ್ತೆಂಬುದನ್ನು ನಿಧಾನವಾಗಿ ನೋಡಬೇಕು.

ಮೊದಲು ಊರು. ನೆರ್ವಿಯೋನ್ ನದಿ ಸಮುದ್ರ ಸೇರುವ ಅಳಿವೆಯ ಎಡದಂಡೆಯಲ್ಲಿ ಉಕ್ಕಿನ ಕುಲುಮೆಗಳು, ಹಡಗುಕಟ್ಟೆಗಳು, ಕಾರ್ಮಿಕರ ಇಕ್ಕಟ್ಟಾದ ವಸತಿಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವಿನ ಊರು ಬರಕಾಲ್ದೋ. 1902ರಲ್ಲಿ ಮೂರು ಕಂಪನಿಗಳು ಒಂದಾಗಿ ಹುಟ್ಟಿದ ಅಲ್ತೋಸ್ ಓರ್ನೋಸ್ ದೆ ವಿಸ್ಕಾಯಾ ಎಂಬ ಉಕ್ಕಿನ ಕಾರ್ಖಾನೆಯೇ ಆ ದಂಡೆಯ ಊರುಗಳಿಗೆ ಮೂರು ತಲೆಮಾರು ಅನ್ನ ಹಾಕಿತ್ತು. ಎಂಬತ್ತರ ದಶಕ ಬರುವ ಹೊತ್ತಿಗೆ ಉಕ್ಕು, ಹಡಗು ಎರಡೂ ಉದ್ಯಮಗಳು ಕುಸಿಯತೊಡಗಿದ್ದವು. ಅಪ್ಪ ದುಡಿದ ಕಾರ್ಖಾನೆಯಲ್ಲಿ ಮಗನಿಗೆ ಕೆಲಸವಿರಲಿಲ್ಲ, ಮಗಳ ಮಾತನ್ನಂತೂ ಯಾರೂ ಆಡುತ್ತಿರಲಿಲ್ಲ. ಪಕ್ಕದ ಸಾಂತುರ್ತ್ಸಿಯಲ್ಲಿ ಹುಟ್ಟಿದ ಎಸ್ಕೊರ್ಬುತೊ ಎಂಬ ಹುಡುಗರ ಪಂಕ್ ತಂಡವೂ ಇದೇ ಹೊಗೆ, ಇದೇ ನಿರುದ್ಯೋಗದ ಕೂಸು. ಸಂಗೀತ ಕಲಿಯದವರೂ ವಾದ್ಯ ಎತ್ತಿಕೊಳ್ಳಬಹುದು ಎಂದು ಪಂಕ್ ಹೇಳಿದ ಮಾತು ಲಂಡನ್ನಿನಲ್ಲಿ ಎಷ್ಟರಮಟ್ಟಿಗೆ ಫ್ಯಾಷನ್ ಆಗಿತ್ತೋ ನಾನು ತೀರ್ಪು ಕೊಡಲಾರೆ. ಎಡದಂಡೆಯ ಮಕ್ಕಳಿಗೆ ಮಾತ್ರ ಅದು ಅಕ್ಷರಶಃ ಬೇಕಾಗಿದ್ದ ಮಾತು.

ಇನ್ನು ಕಾಲ. ಸರ್ವಾಧಿಕಾರಿ ಫ್ರಾಂಕೊ ಸತ್ತದ್ದು 1975ರ ನವೆಂಬರ್ 20ರಂದು. ಅದೇ ವರ್ಷದ ಮೇ ತಿಂಗಳವರೆಗೂ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆಯಿಲ್ಲದೆ ಕೆಲಸಕ್ಕೆ ಸೇರುವಂತಿರಲಿಲ್ಲ, ಬ್ಯಾಂಕಿನಲ್ಲಿ ಖಾತೆ ತೆರೆಯುವಂತಿರಲಿಲ್ಲ. ಗರ್ಭನಿರೋಧಕಗಳ ಮಾರಾಟ ಕಾನೂನುಬದ್ಧವಾದದ್ದು, ವ್ಯಭಿಚಾರ ಅಪರಾಧಗಳ ಪಟ್ಟಿಯಿಂದ ಹೊರಬಿದ್ದದ್ದು 1978ರಲ್ಲಿ. ವಿಚ್ಛೇದನದ ಕಾನೂನು ಬಂದದ್ದು 1981ರಲ್ಲಿ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕುವುದು ಇನ್ನೊಂದು ಸಂಗತಿ. 1941ರಲ್ಲಿ ಸ್ಥಾಪನೆಯಾದ ‘ಮಹಿಳಾ ಸಂರಕ್ಷಣಾ ಮಂಡಳಿ’ ಎಂಬ ಸರ್ಕಾರಿ ಸಂಸ್ಥೆಯೊಂದಿತ್ತು. ದಾರಿ ತಪ್ಪಿದವಳು, ತಪ್ಪಬಹುದಾದವಳು ಎಂದು ಯಾರಾದರೂ ಬೆರಳು ತೋರಿಸಿದ ಹುಡುಗಿಯರನ್ನು ಅದು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಮುಚ್ಚಿದ ವಸತಿಗೃಹಗಳಲ್ಲಿ ಇರಿಸುತ್ತಿತ್ತು. ಫ್ರಾಂಕೊ ಸತ್ತೊಡನೆ ಅದು ಮುಚ್ಚಲಿಲ್ಲ; 1985ರವರೆಗೂ ಉಳಿದುಕೊಂಡಿತ್ತು. ಎಂದರೆ, ಲಾಸ್ ವುಲ್ಪೆಸ್ ಹಾಡುತ್ತಿದ್ದ ದಿನಗಳಲ್ಲಿ ‘ಕೆಟ್ಟ ಹುಡುಗಿ’ ಎಂಬುದು ಬರಿಯ ಬೈಗುಳವಾಗಿರಲಿಲ್ಲ, ಕಡತದೊಳಗೆ ಸೇರಬಹುದಾದ ಪದವಾಗಿತ್ತು.

ಈಗ ಆ ಪದಕ್ಕೆ ಬರೋಣ. ‘ವುಲ್ಪೆಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನರಿ. ಸ್ಪ್ಯಾನಿಷ್‌ನಲ್ಲಿ ಗಂಡು ನರಿಗೆ ‘ಸೋರ್ರೊ’, ಹೆಣ್ಣು ನರಿಗೆ ‘ಸೋರ್ರಾ’. ಗಂಡಸನ್ನು ಸೋರ್ರೊ ಎಂದರೆ ಆತ ಚತುರ, ಕಿಲಾಡಿ ಎಂದರ್ಥ. ಹೆಂಗಸನ್ನು ಸೋರ್ರಾ ಎಂದರೆ ಸೂಳೆ ಎಂದರ್ಥ. ಕನ್ನಡದಲ್ಲಿ ನರಿಬುದ್ಧಿ ಗಂಡಿಗೂ ಹೆಣ್ಣಿಗೂ ಒಂದೇ ಬಗೆಯಾಗಿ ಅಂಟುತ್ತದೆ, ಆದುದರಿಂದ ಈ ಭೇದ ನಮಗೆ ಥಟ್ಟನೆ ಹೊಳೆಯುವುದಿಲ್ಲ. ಆದರೆ ‘ಬಜಾರಿ’ ಎಂಬ ನಮ್ಮ ಪದಕ್ಕೆ ಗಂಡಸಿನ ರೂಪವೇ ಇಲ್ಲದಿರುವುದನ್ನು ನೆನೆದರೆ ವಿಷಯ ಅರ್ಥವಾದೀತು. ಈ ಹುಡುಗಿಯರು ಬೈಗುಳವನ್ನೇ ತಮ್ಮ ಮನೆತನದ ಹೆಸರು ಮಾಡಿಕೊಂಡರು. ನ್ಯೂಯಾರ್ಕಿನ ರಾಮೋನ್ಸ್ ತಂಡದವರು ಎಲ್ಲರೂ ರಾಮೋನ್ ಎಂದು ಕರೆದುಕೊಂಡ ಹಾಗೆ, ಇವರು ವೇದಿಕೆಯ ಹೆಸರುಗಳ ಕೊನೆಗೆ ‘ಸೋರ್ರಿತಾ’, ಎಂದರೆ ಪುಟ್ಟ ನರಿ, ಎಂದು ಸೇರಿಸಿಕೊಂಡರು. ‘ಮೆ ಗುಸ್ತಾ ಸೆರ್ ಉನಾ ಸೋರ್ರಾ’ ಎಂಬ ಹಾಡಿನ ಶೀರ್ಷಿಕೆಗೆ ‘ಸೋರ್ರಾ ಆಗಿರುವುದು ನನಗಿಷ್ಟ’ ಎಂದು ಅರ್ಥ.

ಆ ಹಾಡಿನ ರಾಗ ಅವರ ಸ್ವಂತದ್ದಲ್ಲ. ಅಮೆರಿಕದ ಸ್ಟೂಜಸ್ ತಂಡ 1969ರಲ್ಲಿ ತನ್ನ ಮೊದಲ ಆಲ್ಬಮ್ಮಿನಲ್ಲಿ ಹಾಡಿದ ‘ಐ ವಾನ್ನಾ ಬಿ ಯುವರ್ ಡಾಗ್’ ಅದರ ಮೂಲ. ಅಲ್ಲಿ ಹಾಡುವ ಗಂಡಸು ತಾನು ನಿನ್ನ ನಾಯಿಯಾಗಬೇಕು ಎನ್ನುತ್ತಾನೆ. ಇಲ್ಲಿ ಹಾಡುವ ಹುಡುಗಿ, ನಾಳೆಯ ಕನಸು ಹೇಳುವವನ ಮಗ್ಗುಲಲ್ಲಿ ಮಲಗುವುದಕ್ಕಿಂತ ತನ್ನ ಹಾಸಿಗೆಯಲ್ಲಿ ಒಬ್ಬಳೇ ತನ್ನ ಸುಖವನ್ನು ಕಂಡುಕೊಳ್ಳುವುದು ತನಗೆ ಮೇಲು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ನಾಯಿಗೆ ಒಡೆಯನಿರುತ್ತಾನೆ, ನರಿಗೆ ಇರುವುದಿಲ್ಲ. ರಾಗವನ್ನು ಎರವಲು ಪಡೆದರೂ ಹಾಡಿನ ಅರ್ಥವನ್ನು ಅವರು ಪೂರ್ತಿ ತಿರುಗಿಸಿದ್ದರು. ಗದ್ದಲದಲ್ಲಿ ಈ ಸೂಕ್ಷ್ಮವನ್ನು ಗಮನಿಸಿದವರು ಕಡಿಮೆ, ಅದಕ್ಕಾಗಿಯೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

1983ರ ಏಪ್ರಿಲ್ 23, ಶನಿವಾರ ಬೆಳಿಗ್ಗೆ, ಸರ್ಕಾರಿ ಟೆಲಿವಿಷನ್ ಆದ ಟಿವಿಇಯಲ್ಲಿ ‘ಕಾಹಾ ದೆ ರಿತ್ಮೋಸ್’ ಎಂಬ ಸಂಗೀತ ಕಾರ್ಯಕ್ರಮದೊಳಗೆ ಈ ಹಾಡು ಬಿತ್ತರವಾಯಿತು. ಕಾರ್ಯಕ್ರಮವನ್ನು ನಡೆಸುತ್ತಿದ್ದವರು ಕಾರ್ಲೋಸ್ ತೇನಾ ಎಂಬ ಅನುಭವಿ ಪತ್ರಕರ್ತರು. ಆಗ ಸ್ಪೇನಿನ ಉದ್ದಗಲಕ್ಕೂ ಕಾಣುತ್ತಿದ್ದುದು ಟಿವಿಇಯ ಎರಡು ಚಾನೆಲ್‌ಗಳಷ್ಟೆ. ಖಾಸಗಿ ಚಾನೆಲ್‌ಗಳು ಬರಲು ಇನ್ನೂ ಆರೇಳು ವರ್ಷ ಬೇಕಿತ್ತು. ದೂರದರ್ಶನವೊಂದೇ ಇದ್ದ ದಿನಗಳನ್ನು ಕಂಡ ನಮ್ಮ ಓದುಗರು ಆ ಪರದೆಯ ಮೇಲೆ ಮೂರು ನಿಮಿಷ ಕಾಣಿಸಿಕೊಳ್ಳುವುದರ ತೂಕವನ್ನು ಬಲ್ಲರು. ಹಿಂದಿನ ಅಕ್ಟೋಬರ್‌ನಲ್ಲಿ ಫೆಲಿಪೆ ಗೊನ್ಸಾಲೆಸ್ ಅವರ ಸಮಾಜವಾದಿ ಪಕ್ಷ 202 ಸ್ಥಾನ ಗೆದ್ದು ಅಧಿಕಾರಕ್ಕೆ ಬಂದಿತ್ತು. ಟೆಲಿವಿಷನ್ ಸಂಸ್ಥೆಗೆ ಹೊಸ ಮಹಾನಿರ್ದೇಶಕರು ಬಂದಿದ್ದರು. ಮೇ 8ಕ್ಕೆ ಸ್ಥಳೀಯ ಸಂಸ್ಥೆಗಳ ಚುನಾವಣೆ ಗೊತ್ತಾಗಿತ್ತು. ಹಾಡು ಬಂದದ್ದು ಚುನಾವಣೆಗೆ ಕೇವಲ ಹದಿನೈದು ದಿನ ಮೊದಲು.

ಕೆಲವು ದಿನಗಳ ನಂತರ ಸಂಪ್ರದಾಯವಾದಿ ದಿನಪತ್ರಿಕೆ ‘ಎಬಿಸಿ’ ಹಾಡಿನ ಸಾಹಿತ್ಯವನ್ನೇ ಅಚ್ಚುಹಾಕಿ, ಸರ್ಕಾರಿ ಟೆಲಿವಿಷನ್ನು ಯಾವ ಮಟ್ಟಕ್ಕೆ ಇಳಿದಿದೆ ನೋಡಿ ಎಂದು ಖಂಡಿಸಿತು. ಶನಿವಾರ ಬೆಳಿಗ್ಗೆ ಹಾಡು ಕೇಳದವರಿಗೂ ಅದರ ಪ್ರತಿ ಪದ ಹೀಗೆ ಮನೆಬಾಗಿಲಿಗೆ ಬಂತು. ಸ್ಪೇನಿನ ಪ್ರಧಾನ ಸರ್ಕಾರಿ ಅಭಿಯೋಜಕರು ‘ಸಾರ್ವಜನಿಕ ಹಗರಣ’ ಎಂಬ ಅಪರಾಧದಡಿ ದೂರು ದಾಖಲಿಸಿದರು. ಕಾರ್ಲೋಸ್ ತೇನಾ ರಾಜೀನಾಮೆ ಕೊಟ್ಟರು, ಕಾರ್ಯಕ್ರಮ ನಿಂತುಹೋಯಿತು.

ಮೊಕದ್ದಮೆ ಕೊನೆಗೆ ಶಿಕ್ಷೆಯಿಲ್ಲದೆ ಮುಗಿಯಿತು. ಆದರೆ ಅದು ಮುಗಿಯುವ ಮೊದಲೇ ತಂಡ ಮುಗಿದಿತ್ತು. ಇದಕ್ಕೆ ಕಾರಣ ಹುಡುಗಿಯರ ಒರಟುತನ, ಪಂಕ್‌ನ ಚಂಚಲ ಸ್ವಭಾವ ಎಂದು ಬರೆದವರಿದ್ದಾರೆ; ನಾನು ಅದನ್ನು ಒಪ್ಪುವುದಿಲ್ಲ. ಒಂದು ತಂಡ ತಂಡವಾಗಲು ಕಾಲ ಬೇಕು: ಚಿಕ್ಕ ಊರುಗಳ ವೇದಿಕೆಗಳಲ್ಲಿ ತಪ್ಪು ಮಾಡಬೇಕು, ತಾಳ ಹಿಡಿಯಬೇಕು, ಹತ್ತು ಹಾಡು ಬರೆದು ಆರನ್ನು ಬಿಡಬೇಕು. ಹುಟ್ಟಿ ಹತ್ತು ತಿಂಗಳಾಗುವ ಮೊದಲೇ ಇಡೀ ದೇಶಕ್ಕೆ ಒಂದೇ ಒಂದು ಪದದ ಮೂಲಕ ಪರಿಚಿತರಾದ ಈ ನಾಲ್ವರಿಗೆ ಆ ಅವಕಾಶ ಸಿಗಲಿಲ್ಲ. ಹೋದಲ್ಲೆಲ್ಲ ಜನ ಕಾಯುತ್ತಿದ್ದುದು ಆ ಒಂದು ಹಾಡಿಗೆ; ಪತ್ರಕರ್ತರು ಕೇಳುತ್ತಿದ್ದುದು ಆ ಒಂದು ಸಾಲಿನ ಬಗ್ಗೆ. ಅವರ ಎರಡನೆಯ ಹಾಡನ್ನು ಕೇಳುವ ವ್ಯವಧಾನ ಅಭಿಮಾನಿಗಳಿಗೂ ಇರಲಿಲ್ಲ, ವಿರೋಧಿಗಳಿಗೂ ಇರಲಿಲ್ಲ.

ಅದೇ ಟೆಲಿವಿಷನ್ ಸಂಸ್ಥೆ 2024ರಲ್ಲಿ ‘ಸೋರ್ರಾ’ ಹಾಡನ್ನು ದೇಶದ ಪರವಾಗಿ ಸ್ವೀಡನ್ನಿನ ಮಾಲ್ಮೊಗೆ ಕಳುಹಿಸಿತು. ಅದು ಅಂತಿಮ ಸುತ್ತಿನಲ್ಲಿ 22ನೆಯ ಸ್ಥಾನ ಪಡೆಯಿತು. ಕೆಲವು ಸ್ತ್ರೀವಾದಿ ಸಂಘಟನೆಗಳು ಆ ಹಾಡಿನ ಆಯ್ಕೆಯನ್ನು ವಿರೋಧಿಸಿದವು, ಪ್ರಧಾನಿ ಪೆದ್ರೊ ಸಾಂಚೆಸ್ ಅದನ್ನು ಸಮರ್ಥಿಸಿದರು. ತಾವು ಓದಿದ ಸಾಲು ಆ ಚರ್ಚೆಯಲ್ಲಿ ಬಂದಿರಬೇಕು.

ಪ್ರಶ್ನೆ: ಸ್ಪೇನಿನ ಹಾರ್ಡ್‌ಕೋರ್ ಪಂಕ್ ತಂಡಗಳ ಪಟ್ಟಿಗಳಲ್ಲಿ ಲಾಸ್ ವುಲ್ಪೆಸ್ ಹೆಸರು ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಅವರನ್ನು ಹಾರ್ಡ್‌ಕೋರ್ ಎನ್ನಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಕಟ್ಟುನಿಟ್ಟಾಗಿ ಹೇಳುವುದಾದರೆ ಅಲ್ಲ. ಹಾರ್ಡ್‌ಕೋರ್ ಎಂಬ ಮಾತು ಉತ್ತರ ಅಮೆರಿಕದಲ್ಲಿ 1981ರ ಹೊತ್ತಿಗೆ ಚಾಲ್ತಿಗೆ ಬಂತು. ಕ್ಯಾಲಿಫೋರ್ನಿಯದ ಬ್ಲ್ಯಾಕ್ ಫ್ಲ್ಯಾಗ್, ವಾಷಿಂಗ್ಟನ್ನಿನ ಬ್ಯಾಡ್ ಬ್ರೈನ್ಸ್, ಮೈನರ್ ಥ್ರೆಟ್ ತಂಡಗಳು ಪಂಕ್ ಹಾಡನ್ನು ಒಂದೆರಡು ನಿಮಿಷಕ್ಕೆ ಇಳಿಸಿ, ವೇಗವನ್ನು ಇಮ್ಮಡಿಸಿ, ರಾಗದ ಜಾಗದಲ್ಲಿ ಕೂಗನ್ನು ತಂದವು. ಸ್ಪೇನಿನಲ್ಲಿ ಆ ದಾರಿ ಹಿಡಿದವರನ್ನು ಹುಡುಕಬೇಕಾದ ಊರು ಬರಕಾಲ್ದೋ ಅಲ್ಲ, ಬಾರ್ಸೆಲೋನಾ. ಅಲ್ಲಿ 1979ರಲ್ಲಿ ಶುರುವಾದ ಉಲ್ತಿಮೊ ರೆಸೋರ್ತೆ 1982ರಲ್ಲಿ ತನ್ನ ಮೊದಲ ತಟ್ಟೆ ತಂದಿತು. ಅದರಲ್ಲಿ ಹಾಡಿದವರೂ ಸಿಲ್ವಿಯಾ ಎಸ್ಕಾರಿಯೊ ಎಂಬ ಹೆಣ್ಣುಮಗಳು ಎಂಬುದನ್ನು ಗಮನಿಸಬೇಕು. ಅವರ ಬೆನ್ನಿಗೆ ಲೋದಿ ಸೊಸಿಯಾಲ್, ಜಿಆರ್‌ಬಿ ಮೊದಲಾದ ತಂಡಗಳು ಅದೇ ನಗರದಲ್ಲಿ ಹಾರ್ಡ್‌ಕೋರ್ ಎಂದು ನಿಸ್ಸಂಶಯವಾಗಿ ಕರೆಯಬಹುದಾದ ಸದ್ದನ್ನು ಬೆಳೆಸಿದವು.

ಲಾಸ್ ವುಲ್ಪೆಸ್ ನುಡಿಸಿದ್ದು ಇದಕ್ಕಿಂತ ಹಳೆಯ, 1977ರ ಪಂಕ್‌ಗೂ ಸ್ಟೂಜಸ್‌ಗೂ ಹತ್ತಿರವಾದ ಸಂಗೀತ. ಆದರೆ 1982–83ರ ಸ್ಪೇನಿನಲ್ಲಿ ಈ ಗೆರೆಗಳು ಇನ್ನೂ ಮೂಡಿರಲಿಲ್ಲ. ಒಂದೇ ಕ್ಯಾಸೆಟ್ಟಿನಲ್ಲಿ ಎಲ್ಲರೂ ಸಿಗುತ್ತಿದ್ದರು. ಪಟ್ಟಿ ಮಾಡಿದವರೆಲ್ಲ ಆಮೇಲೆ ಬಂದವರು. ಅವರ ನಡುವಿನ ಭಿನ್ನಾಭಿಪ್ರಾಯ ತಮ್ಮನ್ನು ಗೊಂದಲಕ್ಕೆ ದೂಡಬೇಕಿಲ್ಲ.

ಪ್ರಶ್ನೆ: ನಾನೊಬ್ಬ ನಿವೃತ್ತ ಶಿಕ್ಷಕಿ. ಅಭಿವ್ಯಕ್ತಿ ಸ್ವಾತಂತ್ರ್ಯದ ಪರವಾಗಿರುವವಳೇ. ಆದರೂ ಮಕ್ಕಳು ಟಿವಿ ಮುಂದೆ ಕೂರುವ ಶನಿವಾರದ ಬೆಳಗಿನಲ್ಲಿ ಅಂಥ ಹಾಡನ್ನು ಬಿತ್ತರಿಸಿದ್ದು ಸರಿಯೇ? ಆಕ್ಷೇಪಿಸಿದವರೆಲ್ಲರನ್ನೂ ಸರ್ವಾಧಿಕಾರದ ಪಳೆಯುಳಿಕೆಗಳೆಂದು ತಳ್ಳಿಹಾಕುವುದು ನ್ಯಾಯವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಅಮ್ಮಾ, ತಮ್ಮ ಪ್ರಶ್ನೆ ನ್ಯಾಯವಾದದ್ದು, ಆಕ್ಷೇಪಿಸಿದವರೆಲ್ಲ ಒಂದೇ ಬಗೆಯವರಾಗಿರಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆ ಹೊತ್ತಿನ ಆಯ್ಕೆ ಎಚ್ಚರಿಕೆಯದ್ದಾಗಿರಲಿಲ್ಲ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಆದರೆ ಆ ತಪ್ಪು, ಅದು ತಪ್ಪಾಗಿದ್ದರೆ, ಕಾರ್ಯಕ್ರಮದ ವೇಳೆ ಗೊತ್ತುಮಾಡಿದವರದು. ಕರೆದಲ್ಲಿಗೆ ಬಂದು ತಮ್ಮ ಹಾಡನ್ನು ಹಾಡಿದ ಹುಡುಗಿಯರದಲ್ಲ. ಅದನ್ನು ಸರಿಪಡಿಸುವ ಸಾಧನವೂ ಟಿವಿಇಯ ಕೈಯಲ್ಲೇ ಇತ್ತು. ಹದಿನಾಲ್ಕು ವರ್ಷ ಮೇಲ್ಪಟ್ಟವರಿಗೆ ಮಾತ್ರವೆಂದು ಸೂಚಿಸಲು ಪರದೆಯ ಮೂಲೆಯಲ್ಲಿ ಒಂದು ವಜ್ರಾಕೃತಿ, ಹದಿನೆಂಟು ಮೇಲ್ಪಟ್ಟವರಿಗೆ ಎರಡು ವಜ್ರಾಕೃತಿ ತೋರಿಸುವ ಪದ್ಧತಿ ಅಲ್ಲಿ ಬಹಳ ಕಾಲದಿಂದ ಇತ್ತು. ಸ್ಪೇನಿನ ಒಂದು ಇಡೀ ತಲೆಮಾರಿಗೆ ‘ಎರಡು ವಜ್ರ’ ಎಂದರೆ ಮಕ್ಕಳು ಏಳಿ, ಮಲಗಿಕೊಳ್ಳಿ ಎಂದೇ ಅರ್ಥ. ಕಾರ್ಯಕ್ರಮವನ್ನು ರಾತ್ರಿಗೆ ಸರಿಸಿ ಆ ಗುರುತು ಹಾಕಿದ್ದರೆ ಮಕ್ಕಳ ಹಿತ ಕಾಯ್ದಂತಾಗುತ್ತಿತ್ತು.

ಆದದ್ದು ಅದಲ್ಲ. ವೇಳೆಯನ್ನು ಬದಲಿಸುವ ಬದಲು ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. ಆಡಳಿತದ ಕ್ರಮದ ಬದಲು ದಂಡಸಂಹಿತೆಯನ್ನು ಎತ್ತಿಕೊಳ್ಳಲಾಯಿತು. ‘ಸಾರ್ವಜನಿಕ ಹಗರಣ’ ಎಂಬ ಅಪರಾಧದ ವ್ಯಾಖ್ಯೆ ಎಷ್ಟು ಸಡಿಲವಾಗಿತ್ತೆಂದರೆ, ಲಜ್ಜೆ, ಸದಾಚಾರ ಎಂಬ ಮಾತುಗಳೊಳಗೆ ಏನನ್ನು ಬೇಕಾದರೂ ತುಂಬಬಹುದಾಗಿತ್ತು. 1978ರ ಸಂವಿಧಾನದ 20ನೆಯ ವಿಧಿ ಅಭಿವ್ಯಕ್ತಿಗೆ ರಕ್ಷಣೆ ಕೊಟ್ಟಿದ್ದರೂ ಹಳೆಯ ಸಂಹಿತೆ ಹಾಗೆಯೇ ಮುಂದುವರಿದಿತ್ತು. ಆ ಅಪರಾಧವನ್ನು ಸ್ಪೇನಿನ ಸಂಸತ್ತು ಕಿತ್ತುಹಾಕಿದ್ದು 1988ರಲ್ಲಿ. ಎಂದರೆ, ಐದು ವರ್ಷಗಳ ನಂತರ ಹಾಡಿದ್ದರೆ ದೂರು ಕೊಡಲು ಆ ಕಲಮೇ ಇರುತ್ತಿರಲಿಲ್ಲ. ಅದೇ 1983ರಲ್ಲಿ ಎಸ್ಕೊರ್ಬುತೊ ತಂಡದ ಹುಡುಗರನ್ನು ಮ್ಯಾಡ್ರಿಡ್‌ನಲ್ಲಿ ಅವರ ಕ್ಯಾಸೆಟ್ಟಿನ ಹಾಡುಗಳ ಕಾರಣಕ್ಕೆ ಭಯೋತ್ಪಾದನಾ ವಿರೋಧಿ ಕಾನೂನಿನಡಿ ಹಿಡಿದಿಡಲಾಗಿತ್ತು. ಅಲ್ಲಿ ಮಕ್ಕಳೂ ಇರಲಿಲ್ಲ, ಶನಿವಾರದ ಬೆಳಗೂ ಇರಲಿಲ್ಲ. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ, ಹೊಸ ಪ್ರಜಾಪ್ರಭುತ್ವವು ಹಳೆಯ ಕಾನೂನಿನ ಕತ್ತಿಯನ್ನು ಇನ್ನೂ ಒರೆಗೆ ಸೇರಿಸಿರಲಿಲ್ಲ ಎಂಬುದು ಕಾಣುತ್ತದೆ.

ಇನ್ನೊಂದು ಮಾತನ್ನೂ ತಮ್ಮ ಮುಂದೆ ಇಡುತ್ತೇನೆ. ಕಾಮವನ್ನು ಕುರಿತು ಗಂಡಸರು ಬರೆದು ಗಂಡಸರು ಹಾಡಿದ ಹಾಡುಗಳು ರೇಡಿಯೊದಲ್ಲಿ ದಿನವೂ ಬರುತ್ತಿದ್ದ ಕಾಲ ಅದು. ಒಬ್ಬ ಹುಡುಗಿ ತನ್ನ ದೇಹದ ಸುಖದ ಬಗ್ಗೆ, ಅದರಲ್ಲಿ ಗಂಡಸಿಗೆ ಪಾಲೇ ಇಲ್ಲದಂತೆ ಹೇಳಿದ್ದು ಅಲ್ಲಿ ಹೊಸದು. ಜನರನ್ನು ಇರಿದದ್ದು ಬೆತ್ತಲೆ ಮಾತಿಗಿಂತ ಹೆಚ್ಚಾಗಿ ಆ ಮಾತಿನ ಒಡತಿ ಯಾರೆಂಬುದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ, ಗಿಟಾರ್ ಕಲಿಯುತ್ತಿದ್ದೇನೆ. ಹಗರಣದ ಕಥೆ ಬಿಟ್ಟರೆ ಈ ತಂಡದ ಸಂಗೀತದಲ್ಲಿ ಕೇಳುವಂಥದ್ದು ಏನಾದರೂ ಇದೆಯೇ? ಏನನ್ನು ಕೇಳಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ; ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ತಮಗೆ ವಿಶೇಷವಾಗಿ ಕೃತಜ್ಞ. ಹಾಡಿನ ತಳಹದಿ ಮೂರೇ ಕಾರ್ಡ್‌ಗಳು: ಜಿ, ಎಫ್ ಶಾರ್ಪ್, ಇ. ಗಿಟಾರಿನ ಅತ್ಯಂತ ದಪ್ಪ ತಂತಿಯ ಮೂರನೆಯ ಮನೆಯಿಂದ ಎರಡನೆಯದಕ್ಕೆ, ಅಲ್ಲಿಂದ ತೆರೆದ ತಂತಿಗೆ ಇಳಿಯುವ ಈ ಪುಟ್ಟ ಅವರೋಹಣವನ್ನು ಮೊದಲ ವಾರದ ವಿದ್ಯಾರ್ಥಿಯೂ ನುಡಿಸಬಲ್ಲ. ಸ್ಟೂಜಸ್ ಮೂಲದಲ್ಲಿ ಇದರ ಮೇಲೆ ಒಂದೇ ಸ್ವರವನ್ನು ಬಡಿಯುತ್ತ ಹೋಗುವ ಪಿಯಾನೊ ಇದೆ, ಹಿನ್ನೆಲೆಯಲ್ಲಿ ಗೆಜ್ಜೆಯ ಸದ್ದಿದೆ. ಹಾಡು ಒಂದು ಅಮಲಿನಂತೆ ಸುತ್ತುತ್ತದೆ. ಲಾಸ್ ವುಲ್ಪೆಸ್ ಆ ಅಲಂಕಾರಗಳನ್ನೆಲ್ಲ ಕಳಚಿ, ಗಿಟಾರ್, ಬಾಸ್, ಡ್ರಮ್ಸ್, ಕಂಠ ಇಷ್ಟನ್ನೇ ಉಳಿಸಿಕೊಂಡರು. ಅಮಲು ಹೋಗಿ ಅದರ ಜಾಗದಲ್ಲಿ ಹಟ ಬಂತು. ಮಾಮೆನ್ ರೊದ್ರಿಗೊ ಅವರ ಕಂಠ ತರಬೇತಾದದ್ದಲ್ಲ, ಸ್ವರಕ್ಕೆ ನಿಲ್ಲಬೇಕೆಂಬ ಹಂಬಲವೂ ಅದಕ್ಕಿಲ್ಲ. ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಉತ್ತರ ಕೊಡುವವಳ ಧ್ವನಿ ಅದು, ಈ ಹಾಡಿಗೆ ಬೇಕಾದದ್ದೂ ಅದೇ. ಕಲಿಯುತ್ತಿರುವವರು ಗಮನಿಸಬೇಕಾದದ್ದು ಲೋಲೆಸ್ ಅವರ ಬಲಗೈ: ಬೆರಳಿನ ಚಮತ್ಕಾರ ಒಂದೂ ಇಲ್ಲ, ಕೈ ಎಲ್ಲಿಯೂ ಹಿಂಜರಿಯುವುದೂ ಇಲ್ಲ.

ಹಾಡನ್ನು 1983ರಲ್ಲಿ ತಟ್ಟೆಯಾಗಿ ಹೊರತಂದ ಸಂಸ್ಥೆಯ ಹೆಸರು ‘ದೋಸ್ ರೋಂಬೋಸ್’, ಎಂದರೆ ಎರಡು ವಜ್ರಗಳು. ಮೇಲಿನ ಉತ್ತರವನ್ನು ಓದಿದವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ಎರಡು ದಶಕಗಳ ನಂತರ ಲೋಲೆಸ್ ವಾಸ್ಕೆಸ್ ತಂಡವನ್ನು ಮತ್ತೆ ಕಟ್ಟಿ ಹಳೆಯ ಹಾಡುಗಳನ್ನು ಹೊಸದಾಗಿ ಧ್ವನಿಮುದ್ರಿಸಿದರು. ಅದು ಅಚ್ಚುಕಟ್ಟಾಗಿದೆ, ಆದರೆ ನಾನು ಶಿಫಾರಸು ಮಾಡುವುದು ಮೊದಲಿನದನ್ನೇ. ಆ ತಟ್ಟೆಯ ಹಿಂಬದಿಯಲ್ಲಿರುವ ಹಾಡಿನ ಹೆಸರು ‘ಇಂಕಿಸಿಸಿಯೋನ್’. ಧರ್ಮವಿಚಾರಣೆಯ ನ್ಯಾಯಾಲಯ ಎಂಬ ಅರ್ಥದ ಆ ಪದವನ್ನು ಸ್ಪ್ಯಾನಿಷ್ ವ್ಯಾಕರಣದ ಪ್ರಕಾರ ಕ್ಯೂ ಅಕ್ಷರದಿಂದ ಬರೆಯಬೇಕು. ಇವರು ಬೇಕೆಂದೇ ಕೆ ಅಕ್ಷರದಿಂದ ಬರೆದರು. ಸ್ಪ್ಯಾನಿಷ್ ಲಿಪಿಯಲ್ಲಿ ಪರಕೀಯವಾದ, ಬಾಸ್ಕ್ ಬರಹದಲ್ಲಿ ದಿನನಿತ್ಯದ್ದಾದ ಆ ಅಕ್ಷರ ಅಲ್ಲಿನ ಪಂಕ್ ಹುಡುಗ ಹುಡುಗಿಯರಿಗೆ ಬಂಡಾಯದ ರುಜುವಿನಂತಿತ್ತು. ಟೆಲಿವಿಷನ್ ಕ್ಯಾಮೆರಾ ಆ ಹಾಡಿನತ್ತ ತಿರುಗಲಿಲ್ಲ, ಪತ್ರಿಕೆಗಳು ಅದರ ಸಾಹಿತ್ಯವನ್ನು ಅಚ್ಚುಹಾಕಲಿಲ್ಲ. ತಾವು ಕೇಳುವಾಗ ಅಲ್ಲಿಂದಲೇ ಶುರುಮಾಡಿ, ಆಮೇಲೆ ತಟ್ಟೆಯನ್ನು ತಿರುಗಿಸಿ ಹಾಕಿಕೊಳ್ಳಿ.